ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸೋದೋ, ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ತರೋದೋ?

ನಮ್ಮ ಮನೆಯಲ್ಲಿ ಈಗ ಎರಡು ಲ್ಯಾಪ್‌ಟಾಪ್ ಇವೆ. ಒಂದು 2014ರಲ್ಲಿ ಕೊಂಡದ್ದು: ಇಂಟೆಲ್ ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಅದನ್ನು ರಿಪೇರಿ ಮಾಡಿಸಿಕೊಂಡೆ. ಇನ್ನೊಂದು, ಮಗಳ ಓದಿಗೆಂದು ತಂದ ರೀಫರ್ಬಿಶ್ಡ್ (ಬಳಸಿದ್ದನ್ನು ಸರಿಪಡಿಸಿ ಮಾರುವ) ಥಿಂಕ್‌ಪ್ಯಾಡ್ ಟಿ480. ನನ್ನದು ಕನ್ನಡ ಡಿಟಿಪಿ ಕೆಲಸ. ಅದನ್ನೇ ಎರಡರಲ್ಲೂ ಮಾಡಿ ನೋಡಿದ್ದೇನೆ.

ಹಳೆಯದರ ಕಾಯಿಲೆ ಏನೆಂದು ಟಾಸ್ಕ್ ಮ್ಯಾನೇಜರ್ ತೆರೆದರೆ ಸಾಕು, ಗೊತ್ತಾಗುತ್ತಿತ್ತು. ಪ್ರೊಸೆಸರ್ ಸುಮ್ಮನೆ ಕೂತಿದ್ದರೂ ಡಿಸ್ಕ್ ಮಾತ್ರ ಸದಾ 100 ಪರ್ಸೆಂಟ್. ಅಂಗಡಿಯ ಹುಡುಗ ಬೋರ್ಡ್ ಪರೀಕ್ಷಿಸಿ, "ಅಕ್ಕಾ, ಬೋರ್ಡ್ ಗಟ್ಟಿಯಾಗಿದೆ. ಡಿಸ್ಕ್ ಒಂದು ಬದಲಾಯಿಸಿ, ಹೊಸದರ ಮಾತು ಆಮೇಲೆ" ಅಂದ. ಹಿಂದಿನ ಮುಚ್ಚಳ ತೆಗೆದಾಗ ಫ್ಯಾನಿಗೂ ಹೀಟ್ ಸಿಂಕಿನ ತೆಳು ಪಟ್ಟಿಗಳಿಗೂ ನಡುವೆ ಧೂಳು ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಚಿಮಟದಲ್ಲಿ ಹಿಡಿದೆಳೆದರೆ ಇಡಿಯಾಗಿ ಬಂತು. ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ಪುಡಿಪುಡಿಯಾಗಿತ್ತು. ಅದನ್ನು ಒರೆಸಿ ಹೊಸದು ಹಚ್ಚಿದ. ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡ್ರೈವ್; ಸಾಟಾ ಅಂದರೆ ಹಳೆಯ ಡಿಸ್ಕಿನದೇ ಕನೆಕ್ಷನ್) ಕೂರಿಸಿದ, ರ‍್ಯಾಮ್ 8 ಜಿಬಿಗೆ ಏರಿಸಿದ, ಬ್ಯಾಟರಿ ಬದಲಾಯಿಸಿದ. ತೆಗೆದ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿಕೊಟ್ಟ. ಹಳೆಯ ಫೈಲುಗಳ ಬ್ಯಾಕಪ್ ಈಗ ಅದರಲ್ಲೇ.

ಟೈಪಿಂಗ್, ಪುಟ ಕಟ್ಟುವುದು, ಕರಡು ತಿದ್ದುವುದು – ಇಷ್ಟರಲ್ಲಿ ಎರಡು ಯಂತ್ರಕ್ಕೂ ವ್ಯತ್ಯಾಸ ನನಗೆ ಕಾಣಲಿಲ್ಲ. ಥಿಂಕ್‌ಪ್ಯಾಡ್‌ನಲ್ಲಿರುವ ಎನ್‌ವಿಎಂಇ ಡ್ರೈವ್ (ಎಸ್‌ಎಸ್‌ಡಿಯದೇ ಹೊಸ ಬಗೆ) ಲೆಕ್ಕದಲ್ಲಿ ಸಾಟಾಕ್ಕಿಂತ ಎಷ್ಟೋ ಪಟ್ಟು ವೇಗದ್ದು ನಿಜ, ಆದರೆ ಸ್ಮರಣ ಸಂಚಿಕೆಯ ಪುಟ ಜೋಡಿಸುವವರಿಗೆ ಆ ವೇಗದಿಂದ ಆಗಬೇಕಾದ್ದೇನೂ ಇಲ್ಲ.

ವ್ಯತ್ಯಾಸ ಕಂಡದ್ದು ವಿಡಿಯೊದಲ್ಲಿ. ಯೂಟ್ಯೂಬ್ ಹೆಚ್ಚಾಗಿ ಕಳಿಸುವ, ವಿಪಿ9 ಎಂಬ ರೂಪದಲ್ಲಿ ಕುಗ್ಗಿಸಿದ ವಿಡಿಯೊವನ್ನು ಬಿಡಿಸಿ ತೋರಿಸುವ ವ್ಯವಸ್ಥೆ ಥಿಂಕ್‌ಪ್ಯಾಡ್‌ನಲ್ಲಿರುವ ಎಂಟನೇ ತಲೆಮಾರಿನ ಚಿಪ್‌ನ ಗ್ರಾಫಿಕ್ಸ್‌ನೊಳಗೇ ಇದೆ. ನಾಲ್ಕನೆಯದರಲ್ಲಿ ಬಹುಪಾಲು ಹೊರೆ ಪ್ರೊಸೆಸರ್ ಮೇಲೇ ಬೀಳುತ್ತದೆ. ಆನ್‌ಲೈನ್ ಕ್ಲಾಸ್ ಶುರುವಾದರೆ ಹಳೆಯದರ ಫ್ಯಾನ್ ಕಿವಿಗೆ ಬೀಳುವಷ್ಟು ಜೋರಾಗಿ ತಿರುಗುತ್ತದೆ, ಬ್ಯಾಟರಿ ಕರಗುತ್ತದೆ. ಎಷ್ಟು ಖರ್ಚು ಮಾಡಿದರೂ ಇದು ಸರಿಹೋಗುವುದಿಲ್ಲ. ಮಗಳಿಗೆ ಬೇರೆಯದೇ ಬೇಕು ಎಂದು ತೀರ್ಮಾನಿಸಿದ್ದು ಇದೊಂದೇ ಕಾರಣಕ್ಕೆ.

ಎರಡನೆಯ ತೊಡಕು ವಿಂಡೋಸ್. ವಿಂಡೋಸ್ 10ರ ಬೆಂಬಲ (ಮಾಮೂಲಿ ಭದ್ರತಾ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತೆಯ ಕೀಲಿಗಳನ್ನು ಕಾಪಾಡುವ ಚಿಪ್) ಇರಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಾದರೂ ಆಗಿರಬೇಕು. ಹಾಗಾಗಿ ಹಳೆಯದಕ್ಕೆ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಲಿನಕ್ಸ್ ಮಿಂಟ್ ಹಾಕಿದೆ. ಕಗಪ ಕೀಲಿಮಣೆ ಅದರೊಳಗೇ ಬರುತ್ತದೆ, ಯೂನಿಕೋಡ್ ಅಕ್ಷರ ಚೆನ್ನಾಗಿ ಮೂಡುತ್ತದೆ. ಆದರೆ ಪ್ರೆಸ್ಸಿನವರು ಇವತ್ತಿಗೂ ನುಡಿ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಪೇಜ್‌ಮೇಕರ್ ಫೈಲ್ ಕೇಳುತ್ತಾರೆ. ಅದಕ್ಕಾಗಿ ಅದೇ ಎಸ್‌ಎಸ್‌ಡಿಯ ಒಂದು ಭಾಗದಲ್ಲಿ ವಿಂಡೋಸ್ 10 ಉಳಿಸಿಕೊಂಡಿದ್ದೇನೆ, ಇಂಟರ್ನೆಟ್ ಕೊಡದೆ. ನೀವೂ ಬೆಂಬಲ ಮುಗಿದ ವಿಂಡೋಸ್ ಉಳಿಸಿಕೊಂಡರೆ ಬ್ಯಾಂಕಿನ ಕೆಲಸ ಅದರಲ್ಲಿ ಖಂಡಿತ ಮಾಡಬೇಡಿ.

ಟಿ480 ಆರಿಸಿದ್ದಕ್ಕೆ ಕಾರಣ ಅದರ ಎರಡು ರ‍್ಯಾಮ್ ಸ್ಲಾಟು, ಜೊತೆಗೆ ಹೊರಗಿನಿಂದ ಕಳಚಬಹುದಾದ ಬ್ಯಾಟರಿ. ಒಳಗೊಂದು ಬ್ಯಾಟರಿ ಇರುವ ಮಾದರಿಯಾದರೆ ಯಂತ್ರ ಆಫ್ ಮಾಡದೆಯೇ ಹೊರಗಿನದನ್ನು ಬದಲಾಯಿಸಬಹುದು. ತೆಳ್ಳಗಿನ ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. 8 ಜಿಬಿ ಕೊಂಡರೆ ಕೊನೆಯವರೆಗೂ ಅಷ್ಟೇ. ನಲವತ್ತೈದು ಐವತ್ತು ಸಾವಿರ ಕೊಟ್ಟು ಅಂಥದ್ದನ್ನು ತರುವುದು ನನಗೆ ಒಪ್ಪಿಗೆಯಾಗಲಿಲ್ಲ.

ಬೆಂಗಳೂರಿನ ಎಸ್‌ಪಿ ರೋಡಿಗೋ ನಿಮ್ಮೂರಿನ ಅಂಗಡಿಗೋ ರೀಫರ್ಬಿಶ್ಡ್ ಕೊಳ್ಳಲು ಹೋದರೆ ಮೇಲಿನ ಹೊಳಪು ನೋಡಬೇಡಿ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಸಿ. ಮೂಲ ಸಾಮರ್ಥ್ಯ ಎಷ್ಟಿತ್ತು, ಈಗ ತುಂಬುವುದೆಷ್ಟು ಎಂಬುದು ಅದರಲ್ಲಿ ಇರುತ್ತದೆ. ಬಯಾಸ್ (ವಿಂಡೋಸ್‌ಗೂ ಮೊದಲು ಶುರುವಾಗುವ ಸೆಟ್ಟಿಂಗ್ ಪುಟ) ಒಳಗೆ ಹೋಗಿ ಪಾಸ್‌ವರ್ಡ್ ಕೇಳುತ್ತದೆಯೇ ನೋಡಿ. ಇವು ಹೆಚ್ಚಾಗಿ ಕಂಪನಿಗಳು ಬಿಟ್ಟುಕೊಟ್ಟ ಯಂತ್ರಗಳು, ಹಳೆಯ ಬೀಗ ಹಾಗೇ ಉಳಿದಿರುವುದುಂಟು. ಹಾಗೆ ಕೇಳಿದರೆ, ರೇಟು ಎಷ್ಟೇ ಇಳಿಸಿದರೂ ವಾಪಸ್ ಕೊಟ್ಟು ಬನ್ನಿ.