ಮಳೆಗಾಲದ ಕೋವಿಗೆ ಯಾವ ಎಣ್ಣೆ? ಶಿರಸಿಯಲ್ಲೂ ಕಾರವಾರದಲ್ಲೂ ಹಚ್ಚಿ ನೋಡಿದ ಹೋಲಿಕೆ

ಘಟ್ಟದ ಮೇಲಿನ ತೋಟಿಗರ ಕೋವಿಗಳು ಈಡು ಹೊಡೆದು ಸವೆಯುವುದಕ್ಕಿಂತ ಮಳೆಗಾಲದಲ್ಲಿ ಗೋಡೆಗೆ ನೇತುಬಿದ್ದೇ ಹೆಚ್ಚು ಹಾಳಾಗುತ್ತವೆ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ, ಕಾರವಾರದಲ್ಲಿ ಸುಮಾರು 3000. ಆಷಾಢದಲ್ಲಿ ಮಡಿಸಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುವ ಊರಿನಲ್ಲಿ ಉಕ್ಕಿನ ನಳಿಗೆ ಎಷ್ಟು ದಿನ ತಡೆದೀತು? ಏನು ಹಚ್ಚಬೇಕು ಎಂದು ಕೇಳಿದರೆ ಮನೆಗೊಂದು ಉತ್ತರ ಸಿಗುತ್ತದೆ. ಒಬ್ಬರಿಗೆ ಕೊಬ್ಬರಿ ಎಣ್ಣೆ ಸಾಕು, ಇನ್ನೊಬ್ಬರಿಗೆ ಹೊಲಿಗೆ ಯಂತ್ರದ ಎಣ್ಣೆಯೇ ಆಗಬೇಕು, ಮತ್ತೊಬ್ಬರು ಗ್ರೀಸ್ ಬಿಟ್ಟು ಬೇರೆ ಮಾತನ್ನೇ ಆಡುವುದಿಲ್ಲ. ಎಲ್ಲವನ್ನೂ ಒಂದೇ ಮಳೆಗಾಲದಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಿದವರು ಮಾತ್ರ ನನಗೆ ಸಿಗಲಿಲ್ಲ. ಅದಕ್ಕೇ ನಾನೇ ನೋಡಿದೆ.

ನಮ್ಮ ಮನೆಯಲ್ಲಿ ಎರಡು ಕೋವಿಗಳಿವೆ. ಒಂದು ಅಜ್ಜನ ಕಾಲದ, ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಇನ್ನೊಂದು 12 ಬೋರ್‌ನ ಜೋಡು ನಳಿಗೆಯ ತೋಟೆ (ಕಾರ್ಟ್ರಿಜ್) ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆಂದು ಬಾಯಿಂದ ಮದ್ದು ತುಂಬುವ ಕೋವಿಗೂ, ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆಂದು 20 ಇಂಚಿಗೆ ಕಡಿಮೆಯಿಲ್ಲದ ನಯವಾದ ನಳಿಗೆಯ ಕೋವಿಗೂ ಪರವಾನಗಿ ಕೊಡಲು ಅವಕಾಶ ಮಾಡಿದೆ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಇರುವ ಎರಡನ್ನು ಚೆನ್ನಾಗಿಟ್ಟುಕೊಳ್ಳುವುದೇ ನನ್ನ ಪಾಲಿನ ಸಂಗ್ರಹ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತಿಲ್ಲ. ಬಾಳೆಗೊನೆಗೆ ಮಂಗನ ಹಿಂಡು ಬಂದಾಗ ಬರಿ ಸದ್ದಿನ ಒಂದು ಈಡು ಹೊಡೆಯುತ್ತೇನೆ. ಉಳಿದ ದಿನವೆಲ್ಲ ಒರೆಸುವುದು, ಎಣ್ಣೆ ಹಚ್ಚುವುದು, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡುವುದು. ಈ ಕೆಲಸ ನನಗೆ ಬಹಳ ಪ್ರೀತಿಯದು.

ಪರವಾನಗಿಯ ಕೋವಿಯನ್ನು ಇನ್ನೊಬ್ಬರ ಮನೆಯಲ್ಲಿ ಬಿಟ್ಟು ಬರುವಂತಿಲ್ಲ. ಹಾಗಾಗಿ ವೆಲ್ಡಿಂಗ್ ಅಂಗಡಿಯಿಂದ ಒಂದೇ ಕಬ್ಬಿಣದ ಪಟ್ಟಿ ತಂದು, ಗೇಣುದ್ದ ಕತ್ತರಿಸಿ, ಪಾಲಿಶ್ ಕಾಗದದಿಂದ ಹೊಳೆಯುವಷ್ಟು ಉಜ್ಜಿ, ಒಂದೊಂದಕ್ಕೆ ಒಂದೊಂದು ಎಣ್ಣೆ ಹಚ್ಚಿದೆ. ಒಂದನ್ನು ಏನೂ ಹಚ್ಚದೆ ಬಿಟ್ಟೆ. ಒಂದು ಕಟ್ಟು ಶಿರಸಿಯ ನಮ್ಮ ಮನೆಯ ನಡುಕೋಣೆಯಲ್ಲಿ, ಅಂಥದೇ ಇನ್ನೊಂದು ಕಟ್ಟು ಕಾರವಾರದ ಕೋಡಿಬಾಗದಲ್ಲಿರುವ ಅಕ್ಕನ ಮನೆಯಲ್ಲಿ, ಮೃಗಶಿರ ಮಳೆಯಿಂದ ಹಸ್ತದವರೆಗೆ, ಎಂದರೆ ಜೂನ್ ಮೊದಲಿನಿಂದ ಸೆಪ್ಟೆಂಬರ್ ಕೊನೆಯವರೆಗೆ, ತೂಗಾಡಿದವು. "ನಮ್ಮಲ್ಲಿ ಕಿಟಕಿಯ ಸರಳೇ ಉಳಿಯುವುದಿಲ್ಲ ತಮ್ಮಾ, ನಿನ್ನ ಪಟ್ಟಿ ಉಳಿಯುತ್ತದೆಯೇ?" ಎಂದು ಅಕ್ಕ ಮೊದಲೇ ಹೇಳಿದ್ದಳು. ಕೋವಿಯ ನಳಿಗೆಗೆ ಕಪ್ಪುನೀಲಿ ಲೇಪವಿರುತ್ತದೆ, ಪಟ್ಟಿಗೆ ಇರುವುದಿಲ್ಲ ಎಂಬ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕು. ಆದರೆ ಆ ಲೇಪವೂ ಕಬ್ಬಿಣದ ಒಂದು ಬಗೆಯ ಆಕ್ಸೈಡೇ. ಅದು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳಲು ನೆರವಾಗುತ್ತದೆ, ತಾನಾಗಿ ತುಕ್ಕನ್ನು ಪೂರ್ತಿ ತಡೆಯುವುದಿಲ್ಲ.

ಏನೂ ಹಚ್ಚದ ಪಟ್ಟಿಯಿಂದಲೇ ದೊಡ್ಡ ಪಾಠ ಸಿಕ್ಕಿತು. ಕಟ್ಟುವಾಗ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದೆ. ತುಕ್ಕು ಮೊದಲು ಎದ್ದದ್ದು ಅಲ್ಲೇ, ಬೆರಳಿನ ಗೆರೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ, ಕೆಂಪು ಬಣ್ಣದಲ್ಲಿ. ಬೆವರಿನ ಉಪ್ಪಿನ ಕೆಲಸ ಅದು. ಮನೆಗೆ ಬಂದ ನೆಂಟರು ಕೋವಿಯನ್ನು ಕೈಯಲ್ಲಿ ಹಿಡಿದು ನೋಡಿ ಮರಳಿ ಕೊಟ್ಟ ಕೂಡಲೇ ನಳಿಗೆಯನ್ನು ಎಣ್ಣೆಬಟ್ಟೆಯಿಂದ ಒರೆಸದೆ ನಾನೀಗ ಕಪಾಟಿನಲ್ಲಿಡುವುದಿಲ್ಲ.

ಕೊಬ್ಬರಿ ಎಣ್ಣೆಯ ವಿಷಯಕ್ಕೆ ಬರೋಣ. ಹಿರಿಯರು ಹಚ್ಚಿದ್ದು ಇದನ್ನೇ, ಮನೆಯಲ್ಲೇ ಇರುತ್ತದೆ, ಖರ್ಚಿಲ್ಲ. ಶಿರಸಿಯ ಪಟ್ಟಿಯಲ್ಲಿ ಆರಿದ್ರಾ ಮಳೆ ಮುಗಿಯುವವರೆಗೂ ತುಕ್ಕಿನ ಸುಳಿವಿರಲಿಲ್ಲ. ಆಮೇಲೆ ಎಣ್ಣೆ ಹಳೆಯ ದೀಪದ ಬುಡದ ಜಿಡ್ಡಿನಂತೆ ಅಂಟಾಯಿತು, ಧೂಳು ಹಿಡಿಯಿತು, ಆ ಜಿಡ್ಡಿನ ಅಡಿಯಲ್ಲೇ ಸಾಸಿವೆ ಗಾತ್ರದ ಕೆಂಪು ಚುಕ್ಕೆಗಳು ಬಂದವು. ಅಡುಗೆ ಎಣ್ಣೆಗಳೆಲ್ಲ ಕಾಲಕ್ರಮದಲ್ಲಿ ಕಮಟಾಗುತ್ತವೆ. ಕಮಟಾದ ಎಣ್ಣೆಯಲ್ಲಿ ಹುಟ್ಟುವ ಆಮ್ಲ ಹಿತ್ತಾಳೆಯನ್ನೂ ತಾಮ್ರವನ್ನೂ ಹಸಿರುಗಟ್ಟಿಸುತ್ತದೆ. ಹಿತ್ತಾಳೆಯ ಪಟ್ಟಿ ಕೂರಿಸಿದ ಹಳೆಯ ಕೇಪಿನ ಕೋವಿಗೆ ಇದು ಒಳ್ಳೆಯದಲ್ಲ. ಇನ್ನೊಂದು ತೊಂದರೆ ಚಳಿಗಾಲದ್ದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಶಿರಸಿಯ ಡಿಸೆಂಬರ್ ಬೆಳಗಿನಲ್ಲಿ ಕೋವಿಯ ಕುದುರೆಯ (ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆಯ) ಕೀಲಿನೊಳಗಿನ ಎಣ್ಣೆ ಗಟ್ಟಿಯಾಗಿ ಕುದುರೆ ಜಡವಾಗಿ ಬೀಳುತ್ತದೆ. ನಳಿಗೆಯ ಹೊರಮೈಗೆ, ಅದೂ ವಾರ ವಾರ ಒರೆಸಿ ಹಚ್ಚುವ ತಾಳ್ಮೆ ಇರುವವರಿಗೆ, ಕೊಬ್ಬರಿ ಎಣ್ಣೆ ನಡೆದೀತು. ಕೀಲಿನ ಒಳಗೆ ಒಂದು ಹನಿಯೂ ಬೇಡ.

ಹೊಲಿಗೆ ಯಂತ್ರದ ಎಣ್ಣೆ ಶುದ್ಧ ಖನಿಜ ತೈಲ. ಕಮಟಾಗುವುದಿಲ್ಲ, ಅಂಟಾಗುವುದಿಲ್ಲ. ಕೀಲಿಗೆ, ಟ್ರಿಗರ್‌ಗೆ ನನ್ನ ಮೊದಲ ಆಯ್ಕೆ ಇಂದಿಗೂ ಇದೇ. ಆದರೆ ಬಹಳ ತೆಳು. ತೂಗುಹಾಕಿದ ಪಟ್ಟಿಯಲ್ಲಿ ಎಣ್ಣೆ ನಿಧಾನವಾಗಿ ಕೆಳಗಿಳಿದು ತುದಿಯಲ್ಲಿ ಹನಿಯಾಗಿ ನಿಂತಿತ್ತು. ತುದಿ ಕೊನೆಯವರೆಗೂ ಬೆಳ್ಳಗೆ, ಮೇಲಿನ ತೂತಿನ ಸುತ್ತ ಮಾತ್ರ ಪುನರ್ವಸುವಿನಲ್ಲೇ ಕೆಂಪು. ನಿಲ್ಲಿಸಿಟ್ಟ ಕೋವಿಯಲ್ಲೂ ಆಗುವುದು ಹೀಗೆಯೇ: ನಳಿಗೆಯ ಎಣ್ಣೆಯೆಲ್ಲ ಕೆಳಗಿಳಿದು ಹಿಡಿಯ ಮರಕ್ಕೆ ಸೇರಿ ಮರವನ್ನು ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ. ನೀರು ಓಡಿಸುವ ಸ್ಪ್ರೇಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಳೆಯಲ್ಲಿ ನೆನೆದು ಬಂದ ಕೋವಿಯ ಸಂದುಗಳಿಂದ ನೀರನ್ನು ಹೊರಗೆ ತಳ್ಳಲು ಅದಕ್ಕೆ ಸಾಟಿಯಿಲ್ಲ, ಆದರೆ ಉಳಿಯುವ ಪದರ ಅತಿ ತೆಳು. ಸಿಂಪಡಿಸಿ, ಒರೆಸಿ, ಮೇಲೆ ಬೇರೆ ಎಣ್ಣೆ ಹಚ್ಚಬೇಕು.

ಬಂದೂಕಿಗೆಂದೇ ಮಾಡಿದ ಎಣ್ಣೆಗಳಲ್ಲಿ ನಾನು ತರಿಸಿದ್ದು ಬ್ಯಾಲಿಸ್ಟಾಲ್. 1904ರಲ್ಲಿ ಜರ್ಮನಿಯಲ್ಲಿ ಸೈನಿಕರ ಬಂದೂಕು, ಚರ್ಮ, ಮರ ಎಲ್ಲಕ್ಕೂ ಒಂದೇ ಎಣ್ಣೆ ಇರಲಿ ಎಂದು ತಯಾರಿಸಿದ್ದು ಇದು. ಸ್ವಲ್ಪ ಕ್ಷಾರ ಗುಣವಿದೆ, ನೀರಿನೊಂದಿಗೆ ಬೆರೆಸಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಬೆರಳಿನ ಬೆವರಿನ ಹುಳಿಯನ್ನು ಶಮನ ಮಾಡುವುದು ಈ ಕ್ಷಾರ ಗುಣವೇ. ಶಿರಸಿಯ ಪಟ್ಟಿಗೆ ಆಶ್ಲೇಷ ಮಳೆಯ ನಡುವೆ ಒಮ್ಮೆ ಮರಳಿ ಹಚ್ಚಿದೆ. ಹಸ್ತದವರೆಗೂ ಹಾಗೇ ಹೊಳೆಯುತ್ತಿತ್ತು. ಬೆಲೆ ಹೆಚ್ಚು, ತರಿಸಿಕೊಳ್ಳಬೇಕು, ವಾಸನೆ ಎಲ್ಲರಿಗೂ ಒಗ್ಗುವುದಿಲ್ಲ. ಆದರೂ ತಿಂಗಳಿಗೊಮ್ಮೆಯಾದರೂ ಕೈಗೆ ಬರುವ ಕೋವಿಗೆ, ಘಟ್ಟದ ಮೇಲೆ, ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಕಾರವಾರದ ಕಟ್ಟು ಬೇರೆಯೇ ಕಥೆ ಹೇಳಿತು. ಅಲ್ಲಿ ಬರಿಯ ಪಟ್ಟಿ ಕೆಲವೇ ದಿನಗಳಲ್ಲಿ ಪೂರ್ತಿ ಕೆಂಪಾಯಿತು. ತೆಳು ಎಣ್ಣೆಗಳು ಒಂದು ಮಳೆ ನಕ್ಷತ್ರವನ್ನೂ ದಾಟಲಿಲ್ಲ, ಶಿರಸಿಯಲ್ಲಿ ಗೆದ್ದ ಎಣ್ಣೆಯ ಪಟ್ಟಿಯೂ ಮಘಾ ಮಳೆಯ ಹೊತ್ತಿಗೆ ಚುಕ್ಕೆ ಚುಕ್ಕೆಯಾಗಿತ್ತು. ಕಾರಣ ಮಳೆಯಲ್ಲ, ಕಡಲಗಾಳಿಯಲ್ಲಿ ತೇಲಿ ಬರುವ ಉಪ್ಪು. ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಉಪ್ಪಿನ ಹರಳು ತಾನಾಗಿ ನೀರು ಹೀರಿ ಕರಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ತೇವ ಹೆಚ್ಚು ಹೊತ್ತು ಅದಕ್ಕಿಂತ ಮೇಲೆಯೇ ಇರುತ್ತದೆ. ಎಂದರೆ ಅಲ್ಲಿ ಕಬ್ಬಿಣದ ಮೇಲೆ ಸದಾ ಉಪ್ಪುನೀರಿನ ಪದರ ಕೂತಿರುತ್ತದೆ. ಕೋಡಿಬಾಗದಲ್ಲಿ ಕೊನೆಯವರೆಗೆ ತಡೆದದ್ದು ಗ್ರೀಸ್ ಮತ್ತು ಪೆಟ್ರೋಲಿಯಂ ಜೆಲ್ಲಿ, ಎರಡೇ. ಎರಡರಲ್ಲಿ ನನಗೆ ಜೆಲ್ಲಿ ಇಷ್ಟ. ಗ್ರೀಸಿನಂತೆ ಬಟ್ಟೆಗೆ ಕಪ್ಪು ಕಲೆ ಮಾಡುವುದಿಲ್ಲ, ಮರಕ್ಕೆ ತಾಗಿದರೂ ಸುಲಭವಾಗಿ ಒರೆಸಿಹೋಗುತ್ತದೆ, ಯಾವ ಔಷಧ ಅಂಗಡಿಯಲ್ಲೂ ಸಿಗುತ್ತದೆ. ಕುಮಟಾ, ಹೊನ್ನಾವರ, ಅಂಕೋಲೆಯ ಕಡಲಂಚಿನವರಿಗೂ ನಾನು ಇದನ್ನೇ ಹೇಳುತ್ತೇನೆ.

ದಪ್ಪ ಲೇಪದ ಒಂದು ಅಪಾಯವನ್ನು ಗಟ್ಟಿಯಾಗಿ ಹೇಳಬೇಕು. ನಳಿಗೆಯೊಳಗೆ ಗ್ರೀಸ್ ಇರುವಾಗ ಈಡು ಹೊಡೆಯಬಾರದು. ದಾರಿಯಲ್ಲಿ ಅಡ್ಡವಿದ್ದರೆ ಒತ್ತಡ ಏರಿ ನಳಿಗೆ ಸೀಳಬಹುದು. ತೋಟೆ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಂಡು, ಒಣಬಟ್ಟೆ ಸುತ್ತಿದ ಕೋಲಿನಿಂದ ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಬೇಕು.

ಕೇಪಿನ ಕೋವಿಯವರಿಗೆ ಎಣ್ಣೆಗಿಂತ ಮೊದಲಿನ ಕೆಲಸ ನೀರಿನದು. ಕರಿಮದ್ದು ಉರಿದು ಉಳಿಯುವ ಮಸಿ ಗಾಳಿಯ ತೇವವನ್ನು ಹೀರುತ್ತದೆ. ಅದರ ಮೇಲೆ ಎಂಥ ಎಣ್ಣೆ ಹಚ್ಚಿದರೂ ಅಡಿಯಲ್ಲಿ ತಿನ್ನುವುದು ನಿಲ್ಲುವುದಿಲ್ಲ. ಈಡು ಹೊಡೆದ ದಿನವೇ ಬಿಸಿನೀರು ಹೊಯ್ದು, ಕೋಲಿನಿಂದ ಮೇಲೆ ಕೆಳಗೆ ಎಳೆದು, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ನೀರು ಕುದಿಯುವಷ್ಟು ಬಿಸಿಯಿದ್ದರೆ ನಳಿಗೆಯೇ ಕಾದು ಬೇಗ ಒಣಗುತ್ತದೆ. ಹಿಡಿಯ ಮರಕ್ಕೆ ಅಗಸೆ ಎಣ್ಣೆ ಚೆನ್ನ. ಆದರೆ ಅದು ಒಣಗುವಾಗ ಶಾಖ ಹುಟ್ಟುತ್ತದೆ, ಹಚ್ಚಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರಡಿ ಒಣಗಿಸಬೇಕು.

ಇಡುವ ಜಾಗದಲ್ಲೂ ಹೋಲಿಕೆ ಮಾಡಿದೆ. ರೆಕ್ಸಿನ್ ಚೀಲ ಎಲ್ಲಕ್ಕಿಂತ ಕೆಟ್ಟದ್ದು, ಒಳಗೆ ಹೋದ ತೇವ ಹೊರಗೆ ಬರುವುದಿಲ್ಲ. ಚರ್ಮದ ಚೀಲವೂ ಮಳೆಗಾಲಕ್ಕಲ್ಲ. ಅಡುಗೆ ಒಲೆಯ ಮೇಲಿನ ಅಟ್ಟ ಹಿರಿಯರ ಜಾಗ. ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಯ ಕರಿ ಕೂರುತ್ತದೆ, ಮೇಲಾಗಿ ಬೀಗವಿಲ್ಲ. ಮಕ್ಕಳಿರುವ ಮನೆಯಲ್ಲಿ ಬೀಗವಿಲ್ಲದ ಜಾಗದ ಮಾತೇ ಬೇಡ. ನಾನು ನೆಚ್ಚಿರುವುದು ಬೀಗ ಹಾಕುವ ಕಬ್ಬಿಣದ ಕಪಾಟು, ತಳದಲ್ಲಿ ಸದಾ ಉರಿಯುವ 15 ವ್ಯಾಟ್‌ನ ಹಳೆಯ ಕಾಲದ ಬಲ್ಬು, ಮೇಲಿನ ಹಲಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್. ಎಲ್‌ಇಡಿ ಹಾಕಿದರೆ ಪ್ರಯೋಜನವಿಲ್ಲ, ಬೇಕಾಗಿರುವುದು ಬೆಳಕಲ್ಲ, ಕಾವು. ತೋಟೆಗಳನ್ನು ಈ ಕಪಾಟಿನಲ್ಲಿ ಇಡುವುದಿಲ್ಲ. ಅವಕ್ಕೆ ಬೇರೆ ಪೆಟ್ಟಿಗೆ, ಬೇರೆ ಬೀಗ.

ನಮ್ಮ ಕಡೆ ಕೋವಿಯನ್ನು ಮನಸ್ಸಿಟ್ಟು ಉಜ್ಜುವುದು ನವರಾತ್ರಿಯ ಆಯುಧ ಪೂಜೆಗೆ. ಆ ಹೊತ್ತಿಗೆ ಮಳೆ ತನ್ನ ಕೆಲಸ ಮುಗಿಸಿರುತ್ತದೆ. ಪೂಜೆ ಪೂಜೆಯ ದಿನಕ್ಕೇ ಇರಲಿ, ದೊಡ್ಡ ಶುಚಿ ಮಾತ್ರ ರೋಹಿಣಿ ಮಳೆಯೊಳಗೆ ಆಗಬೇಕು. ಚುನಾವಣೆಯ ವರ್ಷದಲ್ಲಿ ಅದಕ್ಕೂ ಮುಂಚೆ, ಏಕೆಂದರೆ ಆಗ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. 2024ರಲ್ಲಿ ನೀತಿಸಂಹಿತೆ ಜಾರಿಯಾದದ್ದು ಮಾರ್ಚ್ 16ಕ್ಕೆ, ನಮ್ಮ ಜಿಲ್ಲೆಯ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಠೇವಣಿ ಇಟ್ಟ ಕೋವಿ ಕೈಗೆ ಮರಳುವಾಗ ಮೃಗಶಿರ ಬಾಗಿಲಲ್ಲಿರುತ್ತದೆ, ಅಲ್ಲಿಯವರೆಗೆ ಅದನ್ನು ಒರೆಸುವವರು ಯಾರೂ ಇರುವುದಿಲ್ಲ. ಆದ್ದರಿಂದ ಠೇವಣಿಗೆ ಒಯ್ಯುವ ಹಿಂದಿನ ಸಂಜೆ ಘಟ್ಟದ ಮೇಲಿನವರೂ ತೆಳು ಎಣ್ಣೆ ಬಿಟ್ಟು ಜೆಲ್ಲಿಯನ್ನೇ ಹಚ್ಚಲಿ, ಒಳಗೂ ಹೊರಗೂ. "ನಳಿಗೆಯಲ್ಲಿ ಜೆಲ್ಲಿ ಇದೆ" ಎಂದು ಬರೆದ ಚೀಟಿಯೊಂದನ್ನು ಟ್ರಿಗರ್‌ನ ಬಳೆಗೆ ದಾರದಿಂದ ಕಟ್ಟಿದರೆ, ಮರಳಿ ತಂದ ದಿನ ಮನೆಯಲ್ಲಿ ಯಾರ ಕೈಗೆ ಸಿಕ್ಕರೂ ಮೊದಲು ಕೋಲು, ಬಟ್ಟೆ ಹುಡುಕುತ್ತಾರೆ.