ಕಲ್ಲುಗೋಡೆ ಮನೆಗೆ ಯಾವ ವೈಫೈ: ಕಂಪನಿ ಡಬ್ಬಿ, ರಿಪೀಟರ್, ಮೆಶ್, ಇಲ್ಲ ಒಂದು ಉದ್ದನೆ ವೈರು?

ಯೂಟ್ಯೂಬಿನಲ್ಲಿ ರೂಟರ್‌ಗಳನ್ನು ಹೋಲಿಸಿ ತೋರಿಸುವವರು ಯಾರೂ ಸೈಜುಗಲ್ಲಿನ ಗೋಡೆಯ ಆಚೆ ನಿಂತು ತೋರಿಸುವುದಿಲ್ಲ. ಅವರ ಫ್ಲ್ಯಾಟಿನಲ್ಲಿ ಚೆನ್ನಾಗಿ ಓಡಿದ್ದು ಚಿತ್ರದುರ್ಗದ ಹಳೇ ಮನೆಯಲ್ಲಿ ಎರಡನೇ ಕೋಣೆ ದಾಟುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲೇ ಒಂದೊಂದಾಗಿ ಹಾಕಿ ನೋಡಿದ್ದನ್ನು ಬರೆಯುತ್ತಿದ್ದೇನೆ.

ಮನೆ ಬುರುಜನಹಟ್ಟಿ ಕಡೆ. ಮುಂದಿನ ಭಾಗ ತಾತ ಕಟ್ಟಿಸಿದ್ದು, ಗೋಡೆ ಒಂದೂವರೆ ಅಡಿ ದಪ್ಪ, ಪೂರ್ತಿ ಕಲ್ಲು. ಹಿಂದಿನದು ಆಮೇಲೆ ಸೇರಿಸಿದ ಇಟ್ಟಿಗೆ ಗೋಡೆ, ಆರ್‌ಸಿಸಿ, ಮೇಲೊಂದು ಮಹಡಿ. ಫೈಬರ್ ರಸ್ತೆಯ ಕಂಬದಿಂದ ಮುಂದಿನ ಪಡಸಾಲೆಗೆ ಬರುತ್ತದೆ. ನಾನು ಲೆಕ್ಕಪತ್ರದ ಕೆಲಸ ಮಾಡುವ ಟೇಬಲ್ಲು ಹಿಂದಿನ ಮಹಡಿಯಲ್ಲಿದೆ. ಮಧ್ಯೆ ಎರಡು ಕಲ್ಲುಗೋಡೆ, ಒಂದು ಸ್ಲ್ಯಾಬು. ಪ್ಲಾನು 100 ಎಂಬಿಪಿಎಸ್‌ದು (ಇದು ನೆಟ್ ವೇಗದ ಅಳತೆ, ಮುಂದೆ ಬರುವ ಸ್ಪೀಡಿನ ಅಂಕಿಗಳೆಲ್ಲ ಇದರಲ್ಲೇ). ತಿಂಗಳ 20ನೇ ತಾರೀಖು ಜಿಎಸ್‌ಟಿ ರಿಟರ್ನ್ ತುಂಬುವವರಿಗೆ ನೆಟ್ ಕೈಕೊಟ್ಟರೆ ಏನಾಗುತ್ತದೆ ಅಂತ ಗೊತ್ತಿರುತ್ತದೆ.

ಅಳೆದದ್ದು ಮೂರು ಜಾಗದಲ್ಲಿ: ಪಡಸಾಲೆ, ಅಡುಗೆಮನೆ, ಮಹಡಿ ಟೇಬಲ್ಲು. ಒಂದೇ ಫೋನು. ಸ್ಪೀಡ್ ಟೆಸ್ಟ್ ಜೊತೆಗೆ ಸಿಗ್ನಲ್ ತೋರಿಸುವ ಆ್ಯಪ್ ಕೂಡ. ಫೋನಿನ ಕಡ್ಡಿಗಳನ್ನು ನಂಬಬೇಡಿ, ಆ್ಯಪ್ ಡಿಬಿಎಂ ಅಂತ ಮೈನಸ್ ಲೆಕ್ಕ ಕೊಡುತ್ತದೆ, ಅದನ್ನು ನೋಡಿ. ಮೈನಸ್ 50 ಇದ್ದರೆ ಜೋರು, ಮೈನಸ್ 67ರವರೆಗೂ ವಿಡಿಯೋ ಕಾಲ್ ಆರಾಮ, ಮೈನಸ್ 80 ದಾಟಿದರೆ ಹೆಸರಿಗೆ ಮಾತ್ರ ಕನೆಕ್ಷನ್.

ಮೊದಲು ಕಂಪನಿಯವರು ಕೊಟ್ಟ ಡಬ್ಬಿ, ಅಂದರೆ ಅವರದೇ ರೂಟರ್. ಫೈಬರ್‌ನವರು ಅದನ್ನು ಟಿವಿ ಹಿಂದೆ, ಶೋಕೇಸಿನ ಕೆಳಗಿನ ಖಾನೆಯಲ್ಲಿ ಇಟ್ಟು ಹೋಗಿದ್ದರು. ಅವರಿಗೆ ಅದೇ ಸಲೀಸು, ಬೇರೆ ಕಾರಣವಿಲ್ಲ. ಪಡಸಾಲೆಯಲ್ಲಿ ಸ್ಪೀಡು 95ರ ಹತ್ತಿರ. ಡಬ್ಬಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬಗೆಯ ಅಲೆಗಳಲ್ಲಿ ವೈಫೈ ಕೊಡುತ್ತದೆ. ಒಂದು ಕಲ್ಲುಗೋಡೆ ದಾಟಿ ಅಡುಗೆಮನೆಗೆ ಬಂದರೆ 5 ಗಿಗಾಹರ್ಟ್ಸ್ ಮೈನಸ್ 78ಕ್ಕೆ ಇಳಿದು, ಇದ್ದೂ ಇಲ್ಲದ ಹಾಗೆ. ಮಹಡಿಯಲ್ಲಿ 2.4 ಒಂದೇ ಕಾಣುತ್ತಿತ್ತು, ಅದೂ ಬಂದು ಬಂದು ಹೋಗುತ್ತಿತ್ತು. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ಕಂಡರೆ ಸೋಲುತ್ತದೆ. 2.4 ನಿಧಾನ, ಆದರೂ ಹೇಗೋ ನುಸುಳುತ್ತದೆ.

ದುಡ್ಡು ಹಾಕುವ ಮುಂಚೆ ಇದನ್ನೇ ಸರಿ ಮಾಡಿ ನೋಡಬೇಕು. ಡಬ್ಬಿಯನ್ನು ಟಿವಿ ಹಿಂದಿನಿಂದ ಎತ್ತಿ, ನಡುಮನೆ ಬಾಗಿಲಿನ ಮೇಲೆ ಹಲಗೆ ಹೊಡೆಸಿ ಕೂರಿಸಿದೆ. ಕಲ್ಲು ದಾಟದ ಸಿಗ್ನಲ್ ತೆರೆದ ಬಾಗಿಲಿನಲ್ಲಿ ಸಲೀಸಾಗಿ ಬರುತ್ತದೆ. ಆಮೇಲೆ ಸೆಟ್ಟಿಂಗು. ಡಬ್ಬಿಯ ತಳದ ಚೀಟಿಯಲ್ಲಿ ವಿಳಾಸ ಇರುತ್ತದೆ, ಬಹಳ ಸಲ 192.168.1.1, ಕೆಲವದರಲ್ಲಿ 192.168.0.1. ಬ್ರೌಸರಿನಲ್ಲಿ ಹೊಡೆದರೆ ಲಾಗಿನ್ ಪುಟ ಬರುತ್ತದೆ. ಒಳಗೆ ಹೋದವರು ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಬೇರೆಯದು. ಬಹಳ ಜನ ವೈಫೈದನ್ನು ಬದಲಿಸಿ ಇದನ್ನು ಹಾಗೇ ಬಿಟ್ಟಿರುತ್ತಾರೆ. ಗುಂಡಿ ಒತ್ತಿಯೋ ಪಿನ್ ಹಾಕಿಯೋ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಆಫ್ ಮಾಡಿ, ಹೊರಗಿನಿಂದ ನಿರ್ವಹಿಸುವ ರಿಮೋಟ್ ಮ್ಯಾನೇಜ್‌ಮೆಂಟ್ ಆನ್ ಇದ್ದರೆ ಅದನ್ನೂ ಆಫ್ ಮಾಡಿ. ಭದ್ರತೆಗೆ ಹೊಸ ಪದ್ಧತಿಯಾದ ಡಬ್ಲ್ಯುಪಿಎ3 ಸಿಕ್ಕರೆ ಒಳ್ಳೆಯದೇ, ಆದರೆ ನಮ್ಮ ಹಳೇ ಪ್ರಿಂಟರು ಅದಕ್ಕೆ ಒಪ್ಪಲಿಲ್ಲ, ಡಬ್ಲ್ಯುಪಿಎ2-ಎಇಎಸ್‌ಗೇ ನಿಂತೆ.

ಚಾನೆಲ್, ಅಂದರೆ ಆ ಅಲೆಗಳೊಳಗಿನ ಒಂದೊಂದು ದಾರಿ, ಅದರ ವಿಷಯಕ್ಕೆ ಸ್ವಲ್ಪ ತಾಳ್ಮೆ ಬೇಕು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಆ್ಯಪ್ ತೆಗೆದು ನೋಡಿದರೆ ಅಕ್ಕಪಕ್ಕದ ಮನೆಯವರೆಲ್ಲ 6ರ ಮೇಲೆ ಕೂತಿದ್ದರು. ನಾನು 1ಕ್ಕೆ ಬಂದೆ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿದೆ. 40 ಅಂತ ಇಟ್ಟರೆ ವೇಗ ಜಾಸ್ತಿ ಅನ್ನಿಸುತ್ತದೆ, ಒತ್ತೊತ್ತಾಗಿ ಮನೆ ಇರುವ ಓಣಿಯಲ್ಲಿ ಅದು ಎಲ್ಲರ ಸಿಗ್ನಲ್ಲನ್ನೂ ಕೆಡಿಸುತ್ತದೆ. 5ರಲ್ಲಿ 36 ಇಟ್ಟೆ. 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರೇಡಾರ್‌ಗೆ ಮೊದಲ ಹಕ್ಕು. ಅವನ್ನು ಆರಿಸಿದರೆ ರೂಟರ್ ಕನಿಷ್ಠ ಒಂದು ನಿಮಿಷ ಸುಮ್ಮನೆ ಆಲಿಸಿ, ಆಮೇಲೆ ಹೆಸರು ತೋರಿಸುತ್ತದೆ. ಅಷ್ಟರಲ್ಲಿ ಜನ ಕೆಟ್ಟೇ ಹೋಯಿತು ಅಂದುಕೊಂಡು ಸ್ವಿಚ್ ಆಫ್ ಮಾಡಿರುತ್ತಾರೆ.

ಇಷ್ಟಕ್ಕೆ ಹಲಗೆಯ ಖರ್ಚು ಬಿಟ್ಟರೆ ಒಂದು ಪೈಸೆ ಹೋಗಲಿಲ್ಲ. ಅಡುಗೆಮನೆಯಲ್ಲಿ 2.4ರ ಮೇಲೆ 35–40 ಸ್ಥಿರವಾಗಿ ಬಂತು, ಮಹಡಿಯಲ್ಲಿ 8–10. ವಾಟ್ಸ್ಆ್ಯಪ್, ಓಟಿಪಿಗೆ ಸಾಕು, ಕೆಲಸಕ್ಕೆ ಸಾಲದು. ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಅನ್ನು 8.8.8.8 ಮಾಡಿದರೆ ಸ್ಪೀಡ್ ಬರುತ್ತದೆ ಅನ್ನುವವರ ಮಾತು ಬಿಡಿ. ಕಲ್ಲಿಗೆ ಡಿಎನ್‌ಎಸ್ ಗೊತ್ತಿಲ್ಲ.

ಒಂದು ಎಚ್ಚರಿಕೆ: ಹಿಂದುಗಡೆ ಪಿನ್ ಚುಚ್ಚುವ ರೀಸೆಟ್ ತೂತಿನ ತಂಟೆಗೆ ಹೋಗುವ ಮುಂಚೆ ಸೆಟ್ಟಿಂಗಿನೊಳಗಿನ ವಾನ್ ಪುಟದ (ಹೊರಗಿನ ಇಂಟರ್ನೆಟ್ಟಿಗೆ ಸೇರುವ ವಿವರ ಇರುವ ಪುಟ) ಫೋಟೋ ತೆಗೆದುಕೊಳ್ಳಿ. ಪಿಪಿಪಿಓಇ (ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟು ಕಂಪನಿಯ ಲೈನಿಗೆ ಸೇರುವ ಪದ್ಧತಿ) ಇರುವ ಕನೆಕ್ಷನ್‌ನಲ್ಲಿ ಯೂಸರ್ ನೇಮ್, ಕಂಪನಿಯ ಲೈನು ಗುರುತಿಸುವ ವಿಲ್ಯಾನ್ ನಂಬರ್ ಎರಡೂ ಅಳಿಸಿ ಹೋಗಬಹುದು. ಆಮೇಲೆ ಫೈಬರ್‌ನವರು ಬರುವ ತನಕ ಮೊಬೈಲ್ ಡೇಟಾನೇ ಗತಿ.

ಆಮೇಲೆ ರಿಪೀಟರ್, ಅಂದರೆ ಬಂದ ವೈಫೈ ಸಿಗ್ನಲ್ಲನ್ನು ಮತ್ತೆ ಮುಂದಕ್ಕೆ ಹರಡುವ ಡಬ್ಬಿ. ಸಾವಿರದೈನೂರರ ಆಸುಪಾಸಿಗೆ ಸಿಗುತ್ತದೆ, ಪ್ಲಗ್ಗಿಗೆ ಚುಚ್ಚಿದರೆ ಆಯಿತು, ಅದಕ್ಕೇ ಎಲ್ಲರೂ ಮೊದಲು ಕೊಳ್ಳುವುದು ಇದನ್ನೇ. ಅಡುಗೆಮನೆಯಲ್ಲಿ ಹಾಕಿದೆ. ಮಹಡಿಯಲ್ಲಿ ಫೋನು ತುಂಬಾ ಕಡ್ಡಿ ತೋರಿಸಿತು, ಸ್ಪೀಡು 12–15. ಯಾಕೆಂದರೆ ಕಡ್ಡಿ ತೋರಿಸುವುದು ಫೋನಿಗೂ ರಿಪೀಟರಿಗೂ ನಡುವಿನ ನಂಟನ್ನು; ರಿಪೀಟರಿಗೆ ಮುಂದಿನ ಡಬ್ಬಿಯಿಂದ ಎಷ್ಟು ಬರುತ್ತಿದೆ ಅನ್ನುವುದನ್ನಲ್ಲ. ಅರ್ಧಂಬರ್ಧ ಕೇಳಿಸಿಕೊಂಡು ಅದನ್ನೇ ಗಟ್ಟಿಯಾಗಿ ಕೂಗಿ ಹೇಳುವವನ ಹಾಗೆ ಅದು. ಜೊತೆಗೆ ಅಗ್ಗದ ರಿಪೀಟರುಗಳು ಒಂದೇ ಚಾನೆಲ್‌ನಲ್ಲಿ ಕೇಳಿ ಅದರಲ್ಲೇ ಹೇಳಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಕಲ್ಲುಮನೆಗೆ ಇದಕ್ಕೆ ದುಡ್ಡು ಹಾಕಬೇಡಿ.

ಮೆಶ್ ವಿಷಯ ಬೇರೆ. ಎರಡು ಮೂರು ಯೂನಿಟ್ಟುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದೇ ವೈಫೈ ಹಾಗೆ ನಡೆಯುವ ಸೆಟ್ಟು ಅದು. ಭಾಮೈದ ಬೆಂಗಳೂರಿನಲ್ಲಿ ಐಟಿಯಲ್ಲಿದ್ದಾನೆ, ತನ್ನ ಎರಡು ಯೂನಿಟ್ಟಿನ ಸೆಟ್ಟನ್ನೇ ತಂದುಕೊಟ್ಟ. "ಭಾವ, ಇದೊಂದು ಹಾಕ್ಬಿಡಿ, ತಿರುಗಿ ನೋಡೋ ಹಂಗೇ ಇಲ್ಲ" ಅಂದ. ಸೆಟ್ ಮಾಡುವುದು ನಿಜಕ್ಕೂ ಸುಲಭ, ಫೋನಿನ ಆ್ಯಪ್‌ನಲ್ಲೇ ಮುಗಿಯುತ್ತದೆ. ಮನೆಗೆಲ್ಲ ಒಂದೇ ಹೆಸರು, ಓಡಾಡಿಕೊಂಡು ವಾಟ್ಸ್ಆ್ಯಪ್ ಕಾಲ್ ಮಾಡಿದರೂ ಮಾತು ಕಡಿಯುವುದಿಲ್ಲ. ಆದರೆ ಎರಡನೇ ಯೂನಿಟ್ಟನ್ನು ಮಹಡಿಯಲ್ಲಿ ಇಟ್ಟಾಗ ಅದಕ್ಕೇ ಮುಂದಿನ ಯೂನಿಟ್ಟು ಸರಿಯಾಗಿ ಸಿಗಲಿಲ್ಲ. ಅಡುಗೆಮನೆಗೆ ತಂದಿಟ್ಟರೆ ಮಹಡಿಯಲ್ಲಿ 25–30. ರಿಪೀಟರ್‌ಗಿಂತ ಎರಡರಷ್ಟು, ಬೆಲೆಯೋ ಮೂರು ನಾಲ್ಕು ಪಟ್ಟು. ಎರಡು ಯೂನಿಟ್ಟಿನ ನಡುವಿನ ಮಾತುಕತೆಯೂ ಅದೇ ಕಲ್ಲನ್ನು ದಾಟಿಯೇ ಆಗಬೇಕು. ಅದೇ ಯೂನಿಟ್ಟುಗಳನ್ನು ವೈರಿನಲ್ಲಿ ಜೋಡಿಸಿದ ತಕ್ಷಣ 90 ದಾಟಿತು. ಕೆಲಸ ಮಾಡಿದ್ದು ವೈರು, ಹೆಸರು ಬಂದದ್ದು ಮೆಶ್‌ಗೆ.

ವೈರು ಎಳೆಸುವುದೇ ಆದರೆ ಮೆಶ್ ಯಾಕೆ ಬೇಕು? ಒಂದು ಸಾಧಾರಣ ರೂಟರ್ ಸಾಕಲ್ಲ. ನಮ್ಮ ಮನೆಯಲ್ಲಿ ಕೊನೆಗೆ ನಿಂತದ್ದು ಇದೇ: ಮುಂದೆ ಕಂಪನಿ ಡಬ್ಬಿ, ಮಹಡಿಯಲ್ಲಿ ಇನ್ನೊಂದು ರೂಟರ್, ನಡುವೆ ಕ್ಯಾಟ್6 ಅನ್ನುವ ನೆಟ್‌ವರ್ಕ್ ವೈರು.

ಗೋಡೆಗೆ ತೂತು ಹೊಡೆಯಲು ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. "ಈ ಕಲ್ಲಿಗೆ ಡ್ರಿಲ್ ಹಾಕಿದ್ರೆ ನನ್ ಬಿಟ್ ಮುರೀತದೆ ಅಣ್ಣ, ಕಿಟಕಿ ಸಂದೀಲಿ ತಗಂಡು ಹೋಗಣ" ಅಂದ. ಅವನು ಹೇಳಿದ್ದೇ ಸರಿ. ಪಡಸಾಲೆ ಕಿಟಕಿಯ ಚೌಕಟ್ಟಿನ ಮೂಲೆಯಿಂದ ಹೊರಗೆ, ಸಜ್ಜದ ಕೆಳಗೆ ಹಾಯಿಸಿ, ಹಿಂದಿನ ಗೋಡೆ ಹತ್ತಿಸಿ ಮಹಡಿ ಕಿಟಕಿಗೆ. ಹೊರಗಿನ ಅಷ್ಟೂ ಉದ್ದಕ್ಕೆ ಪಿವಿಸಿ ಪೈಪು ಹಾಕಿಸಿದೆ. ಬಿಸಿಲಿಗೆ ವೈರಿನ ಸಿಪ್ಪೆ ಸೀಳುತ್ತದೆ ಅನ್ನುವುದು ಒಂದು ಕಾರಣ, ಕೋಟೆ ಕಡೆಯಿಂದ ಬರುವ ಮಂಗಗಳು ಇನ್ನೊಂದು. ಜೋಲುವ ವೈರು ಕಂಡರೆ ಅವು ಬಿಡುವುದಿಲ್ಲ. ಒಂದೇ ಎಳೆ ವೈರು 100 ಮೀಟರ್ ತನಕ ಹೋಗಬಹುದು, ಮನೆಗೆ ಅದು ಬೇಕಾದಷ್ಟಾಯಿತು.

ವೈರು ಕೊಳ್ಳುವಾಗ ತುದಿ ಬಿಚ್ಚಿಸಿ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ; ಬೆಳ್ಳಗೆ ಕಂಡರೆ ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ. ತುದಿಗೆ ಆರ್‌ಜೆ45 ಕ್ಲಿಪ್ಪು (ರೂಟರಿಗೆ ಚುಚ್ಚುವ ಪ್ಲಗ್ಗು) ಒತ್ತುವ ಕೆಲಸವನ್ನು ಎದುರಿಗೇ ನಿಂತು ಮಾಡಿಸಿ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು: ಈ ಸಾಲಿನಲ್ಲಿ ಎಂಟನ್ನೂ ನೆಟ್ಟಗೆ ಮಾಡಿ, ತುದಿ ಸಮ ಕತ್ತರಿಸಿ, ಕ್ಲಿಪ್ಪಿನ ಆ ಕೊನೆಯಲ್ಲಿ ಎಂಟು ಚುಕ್ಕೆ ಹೊಳೆಯುವ ತನಕ ತಳ್ಳಿ, ಆಮೇಲೆ ಒತ್ತಬೇಕು. ಎರಡು ತುದಿಯಲ್ಲೂ ಇದೇ ಸಾಲು. 100 ಎಂಬಿಪಿಎಸ್ ಓಡಲು ನಾಲ್ಕೇ ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಅದಕ್ಕೇ ಒಂದು ಎಳೆ ಕೂತಿಲ್ಲದಿದ್ದರೂ ಎಷ್ಟೋ ಸಲ ನೆಟ್ ಬರುತ್ತದೆ, ಮುಂದೆ ದೊಡ್ಡ ಪ್ಲಾನು ಹಾಕಿಸಿದ ದಿನ ಬಣ್ಣ ಬಯಲಾಗುತ್ತದೆ. ಟೆಸ್ಟರಿನಲ್ಲಿ ಎಂಟೂ ದೀಪ ಸಾಲಾಗಿ ಹತ್ತುವುದನ್ನು ನೋಡಿಯೇ ದುಡ್ಡು ಕೊಡಿ.

ರೂಟರ್ ಆರಿಸುವಾಗ ಡಬ್ಬಿ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. ಎಸಿ1200 ಅಂದರೆ 2.4ರ 300, 5ರ 867, ಎರಡನ್ನೂ ಕೂಡಿಸಿ ಮೇಲಕ್ಕೆ ಹತ್ತಿಸಿದ ಲೆಕ್ಕ. ಯಾವ ಫೋನಿಗೂ 1200 ಬರುವುದಿಲ್ಲ. ಅದಕ್ಕಿಂತ ಹಿಂದಿನ ಪೋರ್ಟು ನೋಡಿ. 10/100 ಅಂತ ಬರೆದಿದ್ದರೆ ವೈಫೈ ಎಷ್ಟೇ ಜೋರಿದ್ದರೂ ವೈರಿನಲ್ಲಿ 95ರ ಮೇಲೆ ಹೋಗದು. 100ರ ಪ್ಲಾನಿಗೆ ಅದು ನಡೆಯುತ್ತದೆ. ಮುಂದೆ 200, 300ಕ್ಕೆ ಹೋಗುವ ಯೋಚನೆ ಇದ್ದರೆ 10/100/1000 ಇರುವುದನ್ನೇ ತನ್ನಿ.

ಇನ್ನು ಮಹಡಿ ರೂಟರಿನ ಸೆಟ್ಟಿಂಗು. ವೈರಿನಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹರಡುವುದಷ್ಟೇ ಮಾಡುವ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆರಿಸಿದರೆ ಸಾಕು. ಇಲ್ಲದಿದ್ದರೆ ವೈರು ಚುಚ್ಚುವ ಮೊದಲೇ ಲ್ಯಾಪ್‌ಟಾಪಿಗೆ ಜೋಡಿಸಿ, ಅದರ ವಿಳಾಸವನ್ನು 192.168.1.2 ಮಾಡಿ (ಮುಂದಿನ ಡಬ್ಬಿಯದು 192.168.1.1 ಇದ್ದರೆ, ಮತ್ತು ಈ ವಿಳಾಸ ಬೇರೆ ಯಾವುದಕ್ಕೂ ಹಂಚಿಕೆಯಾಗಿಲ್ಲದಿದ್ದರೆ), ಫೋನು, ಲ್ಯಾಪ್‌ಟಾಪಿಗೆ ತಾನೇ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ವೈರನ್ನು ಲ್ಯಾನ್ ಪೋರ್ಟಿಗೆ ಚುಚ್ಚಿ. ಬೇರೆ ಬಣ್ಣದ ವಾನ್ ಪೋರ್ಟಿಗೆ ಚುಚ್ಚಿದರೂ ನೆಟ್ ಬರುತ್ತದೆ, ಆದರೆ ಮನೆಯೊಳಗೆ ಎರಡು ನೆಟ್‌ವರ್ಕ್ ಆಗಿ, ಮಹಡಿಯ ಫೋನಿಗೆ ಕೆಳಗಿನ ಪ್ರಿಂಟರು, ಟಿವಿ ಕಾಣಿಸುವುದಿಲ್ಲ. ಎರಡಕ್ಕೂ ಅದೇ ಹೆಸರು, ಅದೇ ಪಾಸ್‌ವರ್ಡ್. ಚಾನೆಲ್ ಮಾತ್ರ ಬೇರೆ. ಮುಂದೆ 1 ಮತ್ತು 36, ಮೇಲೆ 11 ಮತ್ತು 149. ಮಹಡಿ ಟೇಬಲ್ಲಿನಲ್ಲಿ ಈಗ 90ಕ್ಕೆ ಕಡಿಮೆ ಇಲ್ಲ. ಮೆಶ್‌ಗೆ ಹೋಲಿಸಿದರೆ ಒಂದೇ ಕೊರತೆ: ಫೋನು ಮೆಟ್ಟಿಲು ಹತ್ತುವಾಗ ಕೆಳಗಿನ ಡಬ್ಬಿಯನ್ನೇ ಹಿಡಿದುಕೊಂಡಿರುತ್ತದೆ. ಮುಂದಿನದರ ಟ್ರಾನ್ಸ್‌ಮಿಟ್ ಪವರನ್ನು ಮೀಡಿಯಂಗೆ ಇಳಿಸಿದ ಮೇಲೆ ಅದು ಬಹುಪಾಲು ಸರಿಹೋಯಿತು.

5ಜಿ ಡಬ್ಬಿಯನ್ನೂ ನೋಡಿದ್ದೇನೆ. 2023ರಿಂದ ಮನೆಗೆ 5ಜಿ ಮೂಲಕ ಬ್ರಾಡ್‌ಬ್ಯಾಂಡ್ ಕೊಡುತ್ತಿದ್ದಾರಲ್ಲ, ತಾರಸಿಯ ಮೇಲೊಂದು ಪೆಟ್ಟಿಗೆ, ಒಳಗೊಂದು ರೂಟರ್. ಕಂಪನಿ ಹೆಸರು ಬೇಡ. ಬೆಳಗ್ಗೆ ಫೈಬರನ್ನೂ ಮೀರಿಸಿತು, ರಾತ್ರಿ ಊಟದ ಹೊತ್ತಿಗೆ ಕಾಲು ಭಾಗಕ್ಕೆ ಇಳಿಯಿತು. ಟವರು ಎಲ್ಲರಿಗೂ ಒಂದೇ. ಮಹಡಿಗೆ ಒಳ್ಳೇ ಸಿಗ್ನಲ್ ಬಂತು, ಯಾಕೆಂದರೆ ಡಬ್ಬಿ ಕೂತದ್ದೇ ಮಹಡಿಯಲ್ಲಿ. ಈ ಸಲ ಪಡಸಾಲೆ ಟಿವಿಯಲ್ಲಿ ಅವ್ವನ ಧಾರಾವಾಹಿ ಸುತ್ತತೊಡಗಿತು. "ನಿನ್ ಕೆಲ್ಸಕ್ಕೆ ನನ್ ಟಿವಿ ಯಾಕೆ ಕೆಡಿಸ್ತೀಯೋ" ಅಂದಳು. ಹಳೇ ಸಿಸಿಟಿವಿಯನ್ನು ರೂಟರ್ ಸೆಟ್ಟಿಂಗಿನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆದು ಹೊರಗಿನಿಂದ ನೇರ ನೋಡುವವರಿಗೆ ಇನ್ನೊಂದು ಅಡ್ಡಿ: ಇಂಥ ಕನೆಕ್ಷನ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಹೊರ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚಿರುತ್ತಾರೆ, ಆಗ ಪೋರ್ಟ್ ತೆರೆದರೂ ಪ್ರಯೋಜನವಿಲ್ಲ. ಫೈಬರ್ ಬಾರದ ಓಣಿಯವರಿಗೆ ಮಾತ್ರ ಇದು ಸೈ.

ಕರೆಂಟಿನ ಲೆಕ್ಕವನ್ನೂ ಈ ಹೋಲಿಕೆಗೆ ಸೇರಿಸಬೇಕು. ಡಬ್ಬಿ ಎರಡಾದರೆ ಎರಡಕ್ಕೂ ಇನ್ವರ್ಟರ್ ಲೈನು ಬೇಕು, ಇಲ್ಲ ಒಂದೊಂದು ಮಿನಿ ಯುಪಿಎಸ್. ಅಡಾಪ್ಟರಿನ ಮೇಲೆ ವೋಲ್ಟು ಎಷ್ಟಿದೆಯೋ ಯುಪಿಎಸ್‌ನಲ್ಲೂ ಅಷ್ಟೇ ಇರಬೇಕು. 12ರ ಡಬ್ಬಿಗೆ 9 ಹಾಕಬಾರದು. ಆಂಪಿಯರ್ ಜಾಸ್ತಿ ಇದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. ಕಂಬದ ಮೇಲೆ ಫೈಬರ್ ಸೀಳಿ ಹಂಚುವ ಸ್ಪ್ಲಿಟರಿಗೆ ಕರೆಂಟೇ ಬೇಡ. ಹಾಗಾಗಿ ಕಂಪನಿಯವರ ಕಡೆ ಬ್ಯಾಕಪ್ ಇದ್ದರೆ ಓಣಿಗೆಲ್ಲ ಕತ್ತಲಾದರೂ ನೆಟ್ ನಡೆಯುತ್ತದೆ.

ದಾವಣಗೆರೆ ವಿದ್ಯಾನಗರದಲ್ಲಿ ಅಕ್ಕನ ಮನೆಯಲ್ಲಿ ಲೆಕ್ಕ ತಲೆಕೆಳಗು. ಬಾಡಿಗೆ ಮನೆ, ಒಳಗೋಡೆಗಳೆಲ್ಲ ನಾಲ್ಕೂವರೆ ಇಂಚಿನ ಇಟ್ಟಿಗೆ, ಮೊಳೆ ಹೊಡೆಯಲೂ ಓನರ್ ಬಿಡುವುದಿಲ್ಲ. ಭಾಮೈದನ ಮೆಶ್ ಸೆಟ್ಟು ಅಲ್ಲಿ ಚೆನ್ನಾಗಿ ಓಡಿತು, ಕೊನೇ ರೂಮಿನಲ್ಲೂ 70–80. ಆದರೆ ಎರಡನೇ ಯೂನಿಟ್ಟು ಆಫ್ ಮಾಡಿ, ಮೊದಲನೆಯದನ್ನು ಹಾಲಿನ ಮಧ್ಯದ ಗೋಡೆಗೆ ಸರಿಸಿದಾಗ 60 ಬಂತು. ಆ ಹೆಚ್ಚುವರಿ ಹತ್ತಿಪ್ಪತ್ತಕ್ಕೆ ಐದಾರು ಸಾವಿರ ಕೊಡುವುದು ಬೇಡ ಅಂತ ಅಕ್ಕನೇ ಅಂದಳು. ಹೊಸದಾಗಿ ಕನೆಕ್ಷನ್ ಹಾಕಿಸುವವರು ಫೈಬರ್‌ನವರು ಏಣಿ ಇಳಿಸುವ ಮುಂಚೆಯೇ ಹೇಳಿ: ಬಾಗಿಲ ಪಕ್ಕ ಬೇಡ, ಇನ್ನೊಂದಿಷ್ಟು ವೈರು ಬಿಟ್ಟು ಮನೆಯ ನಡುವಿಗೆ ತನ್ನಿ ಅಂತ. ಆ ಹೊತ್ತಿಗಾದರೆ ಏನೋ ಸ್ವಲ್ಪ ಹೆಚ್ಚು ಕೇಳಿಯಾರು, ಆಮೇಲೆ ಆದರೆ ಫೈಬರ್ ಕಡಿದು ಹೊಸದಾಗಿ ಬೆಸೆಯಬೇಕಾಗಬಹುದು.