ನಾರ್ಮಲ್, 95, 100: ಎರಡು ಕಾರು, ಒಂದು ಬೆಟ್ಟ

"ಸಾರ್, ಪವರ್ ಹಾಕ್ಲಾ, ನಾರ್ಮಲ್ಲಾ?" ಬಂಕಿನ ಹುಡುಗ ಹೀಗೆ ಕೇಳಿದಾಗಲೆಲ್ಲ ನಾನು ತಡವರಿಸುತ್ತಿದ್ದೆ. ಪವರ್ ಅನ್ನುವ ದುಬಾರಿ ಪೆಟ್ರೋಲಿಗೆ ಜಾಸ್ತಿ ದುಡ್ಡು ಕೊಟ್ಟರೆ ಗಾಡಿಗೆ ಒಳ್ಳೆಯದೇ ಆಗಬೇಕಲ್ವಾ ಅಂತ ಮನಸ್ಸು. ಒಳ್ಳೆಯದಾಗಿದ್ದನ್ನು ಕಣ್ಣಾರೆ ನೋಡಿದ್ದೇನಾ ಅಂದರೆ ಇಲ್ಲ. ಅದಕ್ಕೇ 2023ರ ಏಪ್ರಿಲ್, ಮೇ ತಿಂಗಳಲ್ಲಿ ನಾನೂ ನನ್ನ ಭಾವಮೈದನೂ ಸೇರಿ ಪರೀಕ್ಷೆ ಮಾಡಿಯೇಬಿಟ್ಟೆವು.

ನನ್ನದು 2014ರ ವ್ಯಾಗನ್ ಆರ್, 998 ಸಿಸಿ, ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲ. ಅವನದು ಒಂದು ಲೀಟರಿನ ಟರ್ಬೊ ಪೆಟ್ರೋಲ್ ಕಾರು. ಎರಡಕ್ಕೂ ಮೂರೇ ಸಿಲಿಂಡರ್, ಆದರೆ ಸ್ವಭಾವ ಪೂರ್ತಿ ಬೇರೆ. ಟರ್ಬೊ ಕಾರಿನ ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರಿನಲ್ಲಿ ಆಕ್ಟೇನ್ (ಪೆಟ್ರೋಲು ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವ ಅಳತೆ) 95 ಎಂದು ದೊಡ್ಡದಾಗಿ, ಕನಿಷ್ಠ 91 ಎಂದು ಚಿಕ್ಕದಾಗಿ ಬರೆದಿತ್ತು. ಈ ಕಥೆಯ ಅರ್ಧ ಆ ಸ್ಟಿಕ್ಕರಿನಲ್ಲೇ ಇತ್ತು, ನಮಗೆ ಗೊತ್ತಾಗಿದ್ದು ಆಮೇಲೆ.

ಹೋಲಿಸಿದ್ದು ಮೂರು ಪೆಟ್ರೋಲ್. 91 ಆಕ್ಟೇನಿನ ನಾರ್ಮಲ್, ಆಗ ಬೆಂಗಳೂರಿನಲ್ಲಿ ಲೀಟರಿಗೆ 102 ರೂಪಾಯಿ ಹತ್ತಿರ. ಅದಕ್ಕಿಂತ ಆರು ರೂಪಾಯಿಯಷ್ಟು ದುಬಾರಿಯಾದ 95. ಕೊನೆಯದು 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ ತಂದ ಎಕ್ಸ್‌ಪಿ 100. ಲೀಟರಿಗೆ 160 ರೂಪಾಯಿ ದಾಟಿತ್ತು, ಹಾಕಿಸುವಾಗ ನಿಜಕ್ಕೂ ಕೈ ನಡುಗಿತು.

ಪ್ರತಿ ಪೆಟ್ರೋಲಿಗೂ ಎರಡೆರಡು ಟ್ಯಾಂಕ್. ಮೊದಲನೆಯದರಲ್ಲಿ ಹಳೆಯದು ಬೆರೆತಿರುತ್ತದೆ, ಅದರ ಲೆಕ್ಕ ಬಿಟ್ಟೆವು. ನಾಝಲ್ ತಾನಾಗಿ ನಿಂತ ಮೇಲೆ ಒಂದು ಹನಿಯೂ ಜಾಸ್ತಿ ಹಾಕಿಸಲಿಲ್ಲ. ಟೈರಿನ ಗಾಳಿ ಪ್ರತಿಸಲ ನೋಡಿಕೊಂಡೆವು. ಎಲ್ಲಕ್ಕಿಂತ ಮುಖ್ಯ, ವ್ಯಾಗನ್ ಆರ್‌ಗೆ ಯಾವುದು ಹಾಕಿಸಿದ್ದು ಅಂತ ಅವನು ನನಗೆ ಹೇಳುತ್ತಿರಲಿಲ್ಲ, ಬಿಲ್ಲೂ ಅವನ ಜೇಬಿನಲ್ಲೇ. ಯಾವುದು ಎಂದು ಗೊತ್ತಿದ್ದರೆ ಕಾಲು ತಾನಾಗಿಯೇ ಎಕ್ಸಲರೇಟರನ್ನು ಬೇರೆ ಥರ ಒತ್ತುತ್ತದೆ. ಹತ್ತಿಸಿದ್ದು ನಂದಿ ಬೆಟ್ಟ. ಎತ್ತರ 1,478 ಮೀಟರ್, ಒಳ್ಳೆಯ ಏರು, ಮನೆಗೂ ದೂರವಿಲ್ಲ.

ನನ್ನ ಕಾರಿನ ಫಲಿತಾಂಶ ಬೇಗ ಹೇಳಿಬಿಡುತ್ತೇನೆ. ನಾರ್ಮಲ್ಲಿನಲ್ಲಿ ಲೀಟರಿಗೆ 17.1 ಕಿಲೋಮೀಟರ್, 95ರಲ್ಲಿ 17.3, 100ರಲ್ಲಿ 17.6. ಪಿಕಪ್? "ಇವತ್ತು ಚೆನ್ನಾಗಿ ಎಳೀತಿದೆ, ಇದೇ 100" ಅಂತ ನಾನು ಖಚಿತವಾಗಿ ಹೇಳಿದ ದಿನ ಟ್ಯಾಂಕಿನಲ್ಲಿ ಇದ್ದದ್ದು ನಾರ್ಮಲ್. ಬೆಳಗ್ಗೆ ಆರೂವರೆ, ತಣ್ಣನೆ ಗಾಳಿ, ಖಾಲಿ ರಸ್ತೆ. ನನಗೆ ಖುಷಿ ಕೊಟ್ಟಿದ್ದು ಅವು.

ಟರ್ಬೊ ಕಾರಿನದು ಬೇರೆ ಕಥೆ, ಅಲ್ಲಿ ಸ್ವಲ್ಪ ನಿಲ್ಲಬೇಕು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ, ಕಾರಿನ ಕಂಪ್ಯೂಟರಿನ ಅಂಕಿ ಓದುವ ಒಬಿಡಿ ಯಂತ್ರ ಚುಚ್ಚಿದರೆ, ಸ್ಪಾರ್ಕ್ ಯಾವ ಹೊತ್ತಿಗೆ ಹಾರುತ್ತಿದೆ ಎಂಬುದು ಫೋನಿನಲ್ಲಿ ಡಿಗ್ರಿ ಲೆಕ್ಕದಲ್ಲಿ ಕಾಣುತ್ತದೆ. ಅಂಕಿ ಇಳಿದರೆ ಸ್ಪಾರ್ಕ್ ತಡವಾಗಿ ಹಾರುತ್ತಿದೆ ಅಂತ ಅರ್ಥ. ಬೆಳಗ್ಗೆ ಹೋದಾಗ ಮೂರೂ ಪೆಟ್ರೋಲಿನಲ್ಲಿ ಅಂಕಿ ಹೆಚ್ಚುಕಡಿಮೆ ಒಂದೇ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ನಾಲ್ಕು ಜನ ಕೂತು, ಎಸಿ ಹಾಕಿಕೊಂಡು, ಮೂರನೇ ಗೇರಿನಲ್ಲೇ ಹತ್ತಿಸಿದಾಗ ವ್ಯತ್ಯಾಸ ಹೊರಬಿತ್ತು. ನಾರ್ಮಲ್ಲಿನಲ್ಲಿ ಆ ಅಂಕಿ 4ಕ್ಕೆ ಇಳಿಯಿತು. ಅದೇ ತಿರುವು, ಅದೇ ಗೇರು, 95 ಇದ್ದಾಗ 8ರ ಹತ್ತಿರ ನಿಂತಿತು. ಎಕ್ಸಲರೇಟರ್ ಒತ್ತಿದ ಮೇಲೆ ಗಾಡಿ ಒಂದು ಉಸಿರು ತಡೆದು ಆಮೇಲೆ ಎಳೆಯುತ್ತಿತ್ತಲ್ಲ, ಆ ತಡೆ 95ರಲ್ಲಿ ಇರಲಿಲ್ಲ. 100 ಹಾಕಿದಾಗ? 95ಕ್ಕಿಂತ ಹೆಚ್ಚೇನೂ ಸಿಗಲಿಲ್ಲ.

ಕಾರಣ ಇಷ್ಟೇ. ಸಿಲಿಂಡರಿನಲ್ಲಿ ಗಾಳಿ, ಪೆಟ್ರೋಲು ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತವೆ. ಬಿಸಿ ಮಿತಿಮೀರಿದರೆ ಸ್ಪಾರ್ಕಿನ ಬೆಂಕಿ ಮುಟ್ಟುವ ಮೊದಲೇ ಒಂದು ಮೂಲೆಯಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. ಆಗ ಬರುವ ಟಣಟಣ ಸದ್ದೇ ನಾಕಿಂಗ್. ಹಾಗಾಗದಂತೆ ಪೆಟ್ರೋಲು ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದರ ಅಳತೆ ಆಕ್ಟೇನ್. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ, ಹಾಗಾಗಿ ಅಲ್ಲಿ ಅಪಾಯ ಜಾಸ್ತಿ. ನಾಕಿಂಗಿನ ಸುಳಿವು ಸಿಕ್ಕ ಕೂಡಲೇ ಇಂಜಿನ್ನಿನ ಕಂಪ್ಯೂಟರ್ ಸ್ಪಾರ್ಕನ್ನು ತಡಮಾಡುತ್ತದೆ. ಇಂಜಿನ್ ಉಳಿಯುತ್ತದೆ, ಎಳೆತ ಕಡಿಮೆಯಾಗುತ್ತದೆ. ಮಾರುತಿ 800ರ ಕಾಲದಲ್ಲಿ ಮೆಕ್ಯಾನಿಕ್ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಸಡಿಲಿಸಿ, ಕೈಯಲ್ಲಿ ಕೂದಲೆಳೆಯಷ್ಟು ತಿರುಗಿಸಿ ಇದೇ ಕೆಲಸ ಮಾಡುತ್ತಿದ್ದ. ಹೆಚ್ಚು ಆಕ್ಟೇನ್ ಹಾಕಿದರೆ ಹೊಸ ಶಕ್ತಿ ಬರುವುದಿಲ್ಲ, ಕಳೆದುಹೋಗುತ್ತಿದ್ದ ಶಕ್ತಿ ಉಳಿಯುತ್ತದೆ. ನನ್ನ ವ್ಯಾಗನ್ ಆರ್‌ನಲ್ಲಿ ಏನೂ ಕಳೆಯುತ್ತಿರಲಿಲ್ಲ.

ಹಾಗಾದರೆ 100ರಲ್ಲಿ ನನ್ನ ಮೈಲೇಜ್ ಯಾಕೆ ಏರಿತು? ಅದರಲ್ಲಿ ಎಥನಾಲ್ ಇರಲಿಲ್ಲ. ನಾರ್ಮಲ್ಲಿನಲ್ಲಿ ಆಗಲೇ ನೂರಕ್ಕೆ ಹತ್ತು ಭಾಗದಷ್ಟು ಎಥನಾಲ್ ಬೆರೆತಿತ್ತು. ಎಥನಾಲಿನ ಆಕ್ಟೇನ್ 108ರ ಆಸುಪಾಸು, ಆದರೆ ಲೀಟರಿಗೆ ಅದು ಕೊಡುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಆಕ್ಟೇನೂ ಶಕ್ತಿಯೂ ಒಂದಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ದುಡ್ಡಿನ ಲೆಕ್ಕ. ಟರ್ಬೊ ಕಾರು ನಾರ್ಮಲ್ಲಿನಲ್ಲಿ 12.8 ಕೊಟ್ಟಿತು, 95ರಲ್ಲಿ 13.1, 100ರಲ್ಲಿ 13.5. ಕಿಲೋಮೀಟರಿಗೆ ಸುಮಾರು 8 ರೂಪಾಯಿ, 8 ರೂಪಾಯಿ 25 ಪೈಸೆ, 12 ರೂಪಾಯಿ. ಆ 25 ಪೈಸೆ ಘಾಟಿಯ ಪ್ರಯಾಣಕ್ಕೆ ಸಾರ್ಥಕ ಅಂತ ಆಗ ನಮ್ಮಿಬ್ಬರಿಗೂ ಅನ್ನಿಸಿತ್ತು. 100 ಮಾತ್ರ ಈ ಎರಡೂ ಕಾರಿಗೆ ಸುಮ್ನೆ ಖರ್ಚು. ದುಬಾರಿ ಪೆಟ್ರೋಲಿನಲ್ಲಿ ಇಂಜೆಕ್ಟರ್ (ಇಂಜಿನ್ನಿಗೆ ಪೆಟ್ರೋಲು ಸಿಂಪಡಿಸುವ ನಳಿಕೆ) ಶುಚಿಮಾಡುವ ಅಂಶ ಬೆರೆಸಿರುವುದೂ ಉಂಟು. ಅದರ ಗುಣ ಎರಡು ಟ್ಯಾಂಕಿನಲ್ಲಿ ಕಾಣುವಂಥದ್ದಲ್ಲ.

ಆಮೇಲೆ ಲೆಕ್ಕವೇ ಬದಲಾಯಿತು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20, ಅಂದರೆ ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲು, 2025ರ ಹೊತ್ತಿಗೆ ಎಲ್ಲ ಬಂಕಿಗೂ ಬಂತು. ಎಥನಾಲ್ ಸೇರಿದ್ದರಿಂದ ನಾರ್ಮಲ್ಲಿನ ಆಕ್ಟೇನೇ 95ರ ಹತ್ತಿರ ಹೋಗಿದೆ. ಮತ್ತೆ ಮೇ ತಿಂಗಳು, ಮತ್ತೆ ನಾಲ್ಕು ಜನ, ಅದೇ ತಿರುವು. ಈ ಸಲ ನಾರ್ಮಲ್ ಇದ್ದಾಗಲೂ ಅಂಕಿ 7ಕ್ಕಿಂತ ಕೆಳಗೆ ಇಳಿಯಲಿಲ್ಲ. ಮೈಲೇಜ್ ಮಾತ್ರ 12.3ಕ್ಕೆ ಬಂತು.

"ಭಾವ, ಇನ್ನು 95 ಯಾಕೆ?" ಅಂದ ಅವನು. ಈಗ ಅವನೂ ನಾರ್ಮಲ್ಲೇ ಹಾಕಿಸುತ್ತಾನೆ.